ರೈಫಲ್ ಬ್ರಾಸ್ ಅನೀಲಿಂಗ್: ಮನೇಲಿ ಮಾಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ಅಮೆರಿಕದಲ್ಲಿ ಇದ್ಕೊಂಡು ಟಾರ್ಗೆಟ್ ಶೂಟಿಂಗ್ ಹವ್ಯಾಸ ಹತ್ತಿಸ್ಕೊಂಡು, ಆಮೇಲೆ ಫ್ಯಾಕ್ಟರಿ ಆಮೋ (ಮದ್ದುಗುಂಡು) ರೇಟ್ ನೋಡಿ ತಲೆ ಕೆಟ್ಟು ರೀಲೋಡಿಂಗಿಗೆ, ಅಂದ್ರೆ ಹೊಡೆದ ಖಾಲಿ ಕೇಸನ್ನ ಮತ್ತೆ ತುಂಬೋದಕ್ಕೆ, ಇಳಿದಿರೋ ನಮ್ಮವರಿಗೆ ಇದು. ಬ್ರಾಸ್ ಅಂದ್ರೆ ತೋಟಾದ ಹಿತ್ತಾಳೆ ಕೇಸು, ಅನೀಲಿಂಗ್ ಅಂದ್ರೆ ಬುಲೆಟ್ ಕೂರೋ ಅದರ ಕುತ್ತಿಗೇನ ಕಾಯಿಸಿ ಮೆದು ಮಾಡೋದು. ರೀಲೋಡಿಂಗ್ ಬೇಸಿಕ್ಸ್ ಗೊತ್ತಿದೆ ಅಂದ್ಕೊಂಡೇ ಬರ್ದಿದೀನಿ, ಪೌಡರ್ ಎಷ್ಟು ಹಾಕ್ಬೇಕು ಅನ್ನೋದೆಲ್ಲ ಇಲ್ಲಿ ಸಿಗಲ್ಲ, ಅದಕ್ಕೆ ಪೌಡರ್ ಕಂಪನಿಯವರ ಮ್ಯಾನುಯಲ್ ಇದೆ.

ಇಂಡಿಯಾದಲ್ಲಿ ಇದನ್ನ ಮಾಡ್ಬಹುದಾ?

ಲೈಸೆನ್ಸ್ ಇಲ್ದೆ ಇಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಆಮೋ ತಯಾರಿಸೋಕೆ ಬೇರೆ ಲೈಸೆನ್ಸೇ ಬೇಕು, ನಿಮ್ಮ ಹತ್ರ ಕೋವಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಮನೇಲಿ ಕೂತು ತೋಟಾ ತುಂಬೋ ಹಂಗಿಲ್ಲ. ಕೊಡಗಿನ ಕಡೆಯವರು "ನಮಗೆ ವಿನಾಯ್ತಿ ಇದೆಯಲ್ಲ" ಅಂತ ಕೇಳ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋದು ಕೋವಿ ಇಟ್ಕೊಳ್ಳೋ ವಿಷಯದ ವಿನಾಯ್ತಿ, 2019ರಲ್ಲಿ ಅದನ್ನ 2029ರವರೆಗೆ ಮುಂದುವರ್ಸಿದ್ರು. ತೋಟಾ ತಯಾರಿಸೋಕೆ ಅದು ಪರ್ಮಿಷನ್ ಅಲ್ಲ. ಇನ್ನೊಂದು, ಆ ಕಾಯ್ದೇಲಿ ಆಮೋ ಅನ್ನೋ ವ್ಯಾಖ್ಯೆ ಒಳಗೆ ಆಮೋದ ಬಿಡಿ ಭಾಗಗಳೂ ಬರ್ತವೆ, ಆದ್ರಿಂದ ರಜೆಗೆ ಊರಿಗೆ ಹೋಗುವಾಗ ಭಾವಮೈದುನನಿಗೆ ತೋರ್ಸೋಣ ಅಂತ ನಾಲ್ಕು ಖಾಲಿ ಕೇಸ್ ಸೂಟ್‌ಕೇಸಿಗೆ ಹಾಕ್ಕೋಬೇಡಿ. ರೇಂಜಿಗೆ ಹೋಗೋ ಬ್ಯಾಗನ್ನೇ ಏರ್‌ಪೋರ್ಟಿಗೂ ತಗೊಂಡು ಹೋಗೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಜೇಬಿನ ಮೂಲೇಲಿ ಒಂದು ಸಿಕ್ಕಾಕೊಂಡಿದ್ರೆ ಸಾಕು ರಜೆಯೆಲ್ಲ ಸ್ಟೇಷನ್ನು ಕೋರ್ಟು ಅಂತ ಕಳ್ದೋಗತ್ತೆ.

ನಾನು ಎಚ್‌1ಬಿ ಮೇಲಿದೀನಿ, ಬರೀ ಬ್ರಾಸ್ ತಾನೇ, ಮಾಡ್ಬಹುದಲ್ಲ?

ಇದನ್ನ ಓದದೇ ಮುಂದೆ ಹೋಗ್ಬೇಡಿ. ಅಮೆರಿಕದ ಫೆಡರಲ್ ಕಾನೂನಲ್ಲಿ ನಾನ್‌ಇಮಿಗ್ರೆಂಟ್ ವೀಸಾದಲ್ಲಿ ಬಂದಿರೋರು, ಅಂದ್ರೆ ಎಚ್‌1ಬಿ, ಎಫ್‌1 ಎಲ್ಲಾ ಸೇರಿ, ಬಂದೂಕಾಗ್ಲಿ ಆಮೋ ಆಗ್ಲಿ ಇಟ್ಕೊಳ್ಳೋ ಹಂಗಿಲ್ಲ. ಆ ಕಾನೂನಲ್ಲಿ "ಆಮೋ" ಅಂದ್ರೆ ತುಂಬಿದ ತೋಟಾ ಮಾತ್ರ ಅಲ್ಲ, ಖಾಲಿ ಕೇಸು, ಪ್ರೈಮರು (ಬುಡದಲ್ಲಿ ಕೂತು ಪೌಡರಿಗೆ ಕಿಡಿ ಹಚ್ಚೋದು), ಬುಲೆಟ್ಟು, ಪೌಡರು ಒಂದೊಂದೂ ಬೇರೆ ಬೇರೆಯಾಗೇ ಆಮೋ ಲೆಕ್ಕ. ಹಂಗಾಗಿ "ನನ್ನ ಹತ್ರ ಬರೀ ಹಿತ್ತಾಳೆ ಇರೋದು ಸಾರ್" ಅನ್ನೋ ವಾದ ನಡೆಯಲ್ಲ. ಇದಕ್ಕೆ ಕೆಲವು ವಿನಾಯ್ತಿ ಇದೆ, ಎಲ್ಲರೂ ಹೇಳೋದು ಯಾವುದಾದ್ರೂ ಸ್ಟೇಟಿನ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ರೆ ಈ ನಿರ್ಬಂಧ ಬರಲ್ಲ. ಸ್ಟೇಟ್ ಕಾನೂನು ಇದರ ಮೇಲೆ ಇನ್ನೊಂದು ಪದರ, ಅದು ಒಂದೊಂದು ಕಡೆ ಒಂದೊಂದು ಥರ. ವೀಸಾ ಮೇಲೆ ಇದ್ರೆ ಲಾಯರಿಗೆ ಒಂದು ಕನ್ಸಲ್ಟೇಷನ್ ಫೀಸ್ ಕೊಟ್ಟು ಕೇಳ್ಕೊಳ್ಳಿ, ಮೂವತ್ತು ಡಾಲರಿನ ಟಾರ್ಚ್ ಕೊಳ್ಳೋ ಮುಂಚೆ.

ಸ್ವಂತಕ್ಕೆ ರೀಲೋಡ್ ಮಾಡ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ. ವ್ಯಾಪಾರ ಅಂತ ಮಾಡಿ ಮಾರೋಕೆ ಶುರು ಮಾಡಿದ್ರೆ ಟೈಪ್ 06 ಲೈಸೆನ್ಸ್ ಬೇಕು.

ಅನೀಲಿಂಗ್ ಅಂದ್ರೆ ಏನು, ಯಾಕ್ ಮಾಡ್ತಾರೆ?

ಕೇಸಿನ ಹಿತ್ತಾಳೇಲಿ 70 ಭಾಗ ತಾಮ್ರ, 30 ಭಾಗ ಸತು. ಈ ಲೋಹದ ಗುಣ ಏನು ಅಂದ್ರೆ ತಣ್ಣಗಿರೋವಾಗ ಬಗ್ಗಿಸಿದಷ್ಟೂ, ಹಿಗ್ಗಿಸಿದಷ್ಟೂ, ಒತ್ತಿದಷ್ಟೂ ಗಟ್ಟಿ ಆಗ್ತಾ ಹೋಗತ್ತೆ. ಊರಲ್ಲಿ ಹಂಡೆ ಕೊಳಗ ಬಡಿಯೋರನ್ನ ನೋಡಿದ್ರೆ ಗೊತ್ತಿರತ್ತೆ, ಸ್ವಲ್ಪ ಹೊತ್ತು ಬಡಿದು ಮತ್ತೆ ಒಲೆಗಿಟ್ಟು ಕಾಯಿಸ್ತಾರೆ, ಕಾಯಿಸ್ದೆ ಬಡೀತಾನೇ ಹೋದ್ರೆ ಅಂಚು ಸೀಳತ್ತೆ. ಕೇಸಿನ ಕುತ್ತಿಗೆಗೂ ಆಗೋದು ಅದೇ. ಹೊಡ್ದಾಗ ಕುತ್ತಿಗೆ ಹಿಗ್ಗಿ ಚೇಂಬರ್ (ಬಂದೂಕಲ್ಲಿ ತೋಟಾ ಕೂರೋ ಗೂಡು) ಗೋಡೆಗೆ ತಾಗತ್ತೆ, ಸೈಜಿಂಗ್ ಡೈ (ಕೇಸನ್ನ ಮತ್ತೆ ಅಳತೆಗೆ ತರೋ ಅಚ್ಚು) ಅದನ್ನ ಅಗತ್ಯಕ್ಕಿಂತ ಜಾಸ್ತಿ ಕುಗ್ಗಿಸತ್ತೆ, ಡೈ ಒಳಗಿನ ಎಕ್ಸ್‌ಪ್ಯಾಂಡರ್ ಬಾಲ್ ಹೊರಗೆ ಬರುವಾಗ ಮತ್ತೆ ಹಿಗ್ಗಿಸತ್ತೆ, ಬುಲೆಟ್ ಕೂರ್ಸುವಾಗ ಇನ್ನೊಂಚೂರು. ಒಂದು ರೌಂಡಿಗೆ ನಾಲ್ಕು ಸಲ ಮೈ ಮುರಿಸ್ಕೊಳ್ಳತ್ತೆ. ಗಟ್ಟಿಯಾದ ಆ ಕುತ್ತಿಗೇನ ಹದವಾಗಿ ಕಾಯಿಸಿದ್ರೆ ಲೋಹದ ಒಳಗಿನ ಹರಳುಗಳು ಹೊಸದಾಗಿ ಕಟ್ಕೊಂಡು ಮತ್ತೆ ಮೆದು ಆಗತ್ತೆ, ಅಷ್ಟೇ ಅನೀಲಿಂಗ್.

ಮಾಡ್ದೇ ಇದ್ರೆ ಏನಾಗತ್ತೆ? ಅಪಾಯನಾ?

ಅಪಾಯ ಅಂತ ಏನಿಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ಬಿಡ್ತೀನಿ. ಅನೀಲ್ ಮಾಡ್ದೇ ಇದ್ರೆ ಒಂದಿನ ಕುತ್ತಿಗೆ ಉದ್ದಕ್ಕೆ ಸೀಳು ಬಿಡತ್ತೆ, ಕೇಸ್ ಬಿಸಾಕ್ತೀರಿ, ಮುಗೀತು. ಅದರ ಮುಂಚೆ ಇನ್ನೊಂದು ಆಗತ್ತೆ, ಗಟ್ಟಿಯಾದ ಕುತ್ತಿಗೆ ಡೈ ಒಳಗಿಂದ ಬಂದ ಮೇಲೆ ಸ್ವಲ್ಪ ವಾಪಸ್ ಹಿಗ್ಗತ್ತೆ, ಒಂದು ಕೇಸ್ ಜಾಸ್ತಿ ಹಿಗ್ಗತ್ತೆ ಒಂದು ಕಮ್ಮಿ, ಬುಲೆಟ್ ಮೇಲಿನ ಹಿಡಿತ ಒಂದೊಂದ್ರಲ್ಲಿ ಒಂದೊಂದು ಥರ ಆಗತ್ತೆ. ಶೋಲ್ಡರನ್ನ (ಕುತ್ತಿಗೆ ಕೆಳಗಿನ ಇಳಿಜಾರು ಭಾಗ) ಎರಡು ಸಾವಿರಾಂಶ ಇಂಚು ಹಿಂದಕ್ಕೆ ತಳ್ಳೋಣ ಅಂತ ಡೈ ಸೆಟ್ ಮಾಡಿರ್ತೀರಿ, ಒಂದು ಕೇಸಲ್ಲಿ ಎರಡು ಬರತ್ತೆ, ಇನ್ನೊಂದ್ರಲ್ಲಿ ಅರ್ಧ ಬರತ್ತೆ, ಡೈ ತಿರುಗಿಸಿ ತಿರುಗಿಸಿ ಸಾಕಾಗತ್ತೆ, ಡೈಯದ್ದು ತಪ್ಪೇ ಇರಲ್ಲ.

ತಪ್ಪಾಗಿ ಅನೀಲ್ ಮಾಡಿದ್ರೆ ಮಾತ್ರ ಅಪಾಯ. ಆದ್ರಿಂದ ಅನುಮಾನ ಇರೋ ಹೊತ್ತಲ್ಲಿ "ಮಾಡೇ ಬಿಡೋಣ" ಅನ್ನೋದಕ್ಕಿಂತ "ಬಿಡೋಣ" ಅನ್ನೋದೇ ಸರಿ. ಈ ಪೇಜಲ್ಲಿ ಇನ್ನೇನು ಮರೆತ್ರೂ ಇದನ್ನ ಮರೀಬೇಡಿ.

ಏನದು ತಪ್ಪಾಗಿ ಮಾಡೋದು ಅಂದ್ರೆ?

ಕೇಸಿನ ಬುಡ, ಅಂದ್ರೆ ಪ್ರೈಮರ್ ಕೂರೋ ಕಡೆ ದಪ್ಪ ಭಾಗ, ಅದು ಗಟ್ಟಿಯಾಗೇ ಇರ್ಬೇಕು. ಫ್ಯಾಕ್ಟರೀಲಿ ಬೇಕು ಅಂತಲೇ ಅದನ್ನ ಒತ್ತಿ ಒತ್ತಿ ಗಟ್ಟಿ ಮಾಡಿರ್ತಾರೆ. .308 ವಿಂಚೆಸ್ಟರ್ ಅನ್ನೋ ತೋಟಾಗೆ ಇಂಡಸ್ಟ್ರಿ ಹಾಕಿರೋ ಗರಿಷ್ಠ ಒತ್ತಡ 62,000 ಪಿಎಸ್‌ಐ, .30-06ಗೆ 60,000, .223 ರೆಮಿಂಗ್ಟನ್ನಿಗೆ 55,000. ನಿಮ್ಮ ಕಾರ್ ಟೈರಲ್ಲಿ 32, 35 ಇರತ್ತೆ. ಅಷ್ಟು ಒತ್ತಡದ ಗ್ಯಾಸನ್ನ ಹಿಂದಕ್ಕೆ, ನಿಮ್ಮ ಮುಖದ ಕಡೆ ಬರದ ಹಾಗೆ ತಡೆಯೋದು ಆ ಬುಡ. ಅದರ ಬಹುಭಾಗಕ್ಕೆ ಸುತ್ತ ಚೇಂಬರ್ ಗೋಡೆ ಆಸರೆ ಇದೆ, ಆದ್ರೆ ತೀರಾ ಹಿಂದಿನ ಒಂಚೂರು ಜಾಗ ಬೋಲ್ಟ್ (ತೋಟಾ ಹಿಂದೆ ಮುಚ್ಚೋ ಭಾಗ) ಮುಂದೆ ಬರೀ ಹಿತ್ತಾಳೆ ನಂಬ್ಕೊಂಡೇ ನಿಂತಿರತ್ತೆ. ಅದನ್ನ ಮೆದು ಮಾಡಿದ್ರೆ ಪ್ರೈಮರ್ ಪಾಕೆಟ್ (ಪ್ರೈಮರ್ ಕೂರೋ ಗುಳಿ) ಅಗಲ ಆಗೋದ್ರಿಂದ ಹಿಡಿದು ಕೇಸ್ ಹೆಡ್, ಅಂದ್ರೆ ಆ ಬುಡ, ಒಡೆದು ಆಕ್ಷನ್ (ಬಂದೂಕಿನ ಯಂತ್ರಭಾಗ) ತುಂಬಾ ಗ್ಯಾಸ್ ನುಗ್ಗೋವರೆಗೆ ಏನು ಬೇಕಾದ್ರೂ ಆಗ್ಬಹುದು. ಹಿತ್ತಾಳೆ ಶಾಖಾನ ಸ್ಟೀಲಿನ ಎರಡರಷ್ಟು ಬೇಗ ಸಾಗಿಸತ್ತೆ, ಕುತ್ತಿಗೆ ಕಾಯಿಸಿದ್ರೆ ಬುಡದ ಕಡೆ ಬಿಸಿ ಓಡ್ತಾನೇ ಇರತ್ತೆ. ಹಂಗಾಗಿ ಆಟ ಇರೋದು ಕುತ್ತಿಗೆ ಎಷ್ಟು ಕಾದಿದೆ ಅನ್ನೋದ್ರಲ್ಲಿ ಮಾತ್ರ ಅಲ್ಲ, ಕುತ್ತಿಗೆ ಬೇಗ ಕಾದು ಬುಡಕ್ಕೆ ಬಿಸಿ ತಲುಪೋ ಮುಂಚೆ ಉರಿಯಿಂದ ಆಚೆ ತೆಗೀಬೇಕು.

ಬುಡ ಒಂದ್ಸಲ ಮೆದು ಆಯ್ತು ಅಂದ್ರೆ ಸರಿ ಮಾಡೋ ದಾರಿ ಇಲ್ಲ. ಸ್ಟೀಲಿನ ಥರ ಕಾಯಿಸಿ ನೀರಿಗದ್ದಿ ಗಟ್ಟಿ ಮಾಡೋಕಾಗಲ್ಲ. ಪ್ಲೈಯರಲ್ಲಿ ಚಪ್ಪಟೆ ಮಾಡಿ ಸ್ಕ್ರ್ಯಾಪಿಗೆ ಹಾಕಿ, ಬೇರೆ ಯಾರೂ ಎತ್ಕೊಂಡು ಲೋಡ್ ಮಾಡ್ಬಾರ್ದು ನೋಡಿ ಅದಕ್ಕೆ.

ಟೆಂಪರೇಚರ್ ಎಷ್ಟು ಬೇಕು?

ಎಷ್ಟು ಬಿಸಿ ಅನ್ನೋದು ಎಷ್ಟು ಹೊತ್ತು ಅನ್ನೋದರ ಜೊತೆ ಅಂಟ್ಕೊಂಡಿದೆ. 250 ಡಿಗ್ರಿ ಸೆಲ್ಸಿಯಸ್ಸಲ್ಲಿ ಒಂದು ಗಂಟೆ ಇಟ್ರೆ ಹಿತ್ತಾಳೇಲಿ ಬದಲಾವಣೆ ಶುರು ಆಗತ್ತೆ. ನಾವು ಉರೀಲಿ ಇಡೋದು ಕೆಲವೇ ಸೆಕೆಂಡು, ಅದಕ್ಕೆ ತುಂಬಾ ಜಾಸ್ತಿ ಬಿಸಿ ಬೇಕು. ಹಳೇ ರೀಲೋಡರ್‌ಗಳು 750 ಫ್ಯಾರನ್‌ಹೀಟ್ ಅಂತಾರೆ, ಅಂದ್ರೆ ಸುಮಾರು 400 ಸೆಲ್ಸಿಯಸ್, ಈಗಿನ ಇಂಡಕ್ಷನ್ (ಉರಿ ಇಲ್ದೆ ಕರೆಂಟಲ್ಲಿ ಕಾಯಿಸೋದು) ಪಂಗಡದವರು ಅಷ್ಟು ಕಮ್ಮಿ ಹೊತ್ತಿಗೆ 500ರ ಮೇಲೆ ಹೋಗ್ಲೇಬೇಕು ಅಂತಾರೆ. ನನಗೆ ಎರಡನೆಯವರ ಮಾತೇ ಸರಿ ಅನ್ಸತ್ತೆ, ಎರಡು ಮೂರು ಸೆಕೆಂಡಿಗೆ 400 ಮುಟ್ಟಿಸಿ ತೆಗೆದ್ರೆ ಸ್ಟ್ರೆಸ್ ಒಂಚೂರು ಇಳಿಯತ್ತೆ, ಪೂರ್ತಿ ಮೆದು ಆಗಲ್ಲ. ಹಾಗಂತ ಮೇಲಕ್ಕೆ ಮಿತಿ ಇಲ್ಲ ಅಂತಲ್ಲ. ಜಾಸ್ತಿ ಕಾಯಿಸಿದ್ರೆ ಹರಳುಗಳು ದೊಡ್ಡದಾಗಿ ಕುತ್ತಿಗೆ ಪಿತಪಿತ ಅನ್ನೋ ಹಾಗೆ ಆಗತ್ತೆ, ಇನ್ನೂ ಮೇಲೆ ಹೋದ್ರೆ ಸತು ಹೊರಟು ಹೋಗೋಕೆ ಶುರು. ಈ ಹಿತ್ತಾಳೆ ಕರಗೋಕೆ ಶುರು ಆಗೋದು 915 ಸೆಲ್ಸಿಯಸ್ ಹತ್ರ, ಪ್ರೋಪೇನ್ ಉರಿ ಅದಕ್ಕಿಂತ ಬಹಳ ಬಿಸಿ, ಹಂಗಾಗಿ ಮಾತಾಡ್ತಾ ಮೈ ಮರೆತ್ರೆ ಮುಗೀತು.

ನನ್ನ ಹತ್ರ ಪ್ರೋಪೇನ್ ಟಾರ್ಚು, ಡ್ರಿಲ್ಲು ಇದೆ, ಸಾಕಾ?

ಸಾಕು. ಜಗತ್ತಿನ ಅರ್ಧ ಜನ ಶುರು ಮಾಡೋದೇ ಹಿಂಗೆ. ಡ್ರಿಲ್ಲಿಗೆ ಒಂದು ಅಡಾಪ್ಟರ್ ಹಾಕಿ ಡೀಪ್ ಸಾಕೆಟ್ (ನಟ್ ಬಿಚ್ಚೋ ಉದ್ದನೆ ಸಾಕೆಟ್) ಸಿಗಿಸಿ, .308 ಜಾತಿ ಕೇಸಿಗೆ 13 ಮಿಲಿಮೀಟರ್ ಸಾಕೆಟ್ ಸಡಿಲವಾಗಿ ಕೂರತ್ತೆ, .223ಗೆ 10 ಮಿಲಿಮೀಟರ್. ಕೇಸ್ ಅದರೊಳಗೆ ಇಳ್ದು ಕುತ್ತಿಗೆ, ಶೋಲ್ಡರು, ಅದರ ಕೆಳಗೆ ಒಂಚೂರು ಮೈ ಮಾತ್ರ ಆಚೆ ಕಾಣ್ಬೇಕು. ಟಾರ್ಚನ್ನ ಬೆಂಚಿಗೆ ಗಟ್ಟಿಯಾಗಿ ನಿಲ್ಸಿ, ಕೈಯಲ್ಲಿ ಹಿಡ್ಕೋಬೇಡಿ, ಒಂದು ಕೈಗೆ ಒಂದೇ ಕೆಲ್ಸ ಇರ್ಲಿ. ಉರಿಯ ಒಳಗೆ ಕಡು ನೀಲಿ ಕೋನ್ ಕಾಣತ್ತಲ್ಲ, ಅದರ ತುದಿ ಕುತ್ತಿಗೆ ಮತ್ತು ಶೋಲ್ಡರ್ ಸೇರೋ ಜಾಗಕ್ಕೆ ನೋಡ್ತಾ ಇರ್ಬೇಕು, ಬರೀ ಕುತ್ತಿಗೆ ಬಾಯಿಗೆ ಹಿಡಿದ್ರೆ ಬಾಯಿ ಸುಟ್ಟು ಶೋಲ್ಡರ್ ಹಂಗೇ ಉಳಿಯತ್ತೆ. ಡ್ರಿಲ್ ನಿಧಾನಕ್ಕೆ ತಿರುಗ್ಲಿ. ಸಮಯ .223ಗೆ ಕಮ್ಮಿ, .308ಗೆ ಸ್ವಲ್ಪ ಜಾಸ್ತಿ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಸೆಕೆಂಡ್ ಒಳಗೆ ಮುಗೀಬೇಕು. ಹತ್ತು ಸೆಕೆಂಡ್ ದಾಟಿದ್ರೂ ಕುತ್ತಿಗೆ ಹದಕ್ಕೆ ಬಂದಿಲ್ಲ ಅಂದ್ರೆ ಉರಿ ಸಾಲದು ಅಥವಾ ದೂರ ಆಯ್ತು ಅಂತ ಅರ್ಥ, ಇನ್ನೂ ಹೊತ್ತು ಹಿಡಿಯೋದು ಪರಿಹಾರ ಅಲ್ಲ, ಅಷ್ಟರಲ್ಲಿ ಬಿಸಿ ಕೆಳಗೆ ಇಳೀತಾ ಇರತ್ತೆ.

ಫೋನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕ್ಕೊಂಡು ಟಕ್ ಟಕ್ ಲೆಕ್ಕಕ್ಕೆ ತೆಗೀರಿ, ಬಾಯಲ್ಲಿ ಒಂದು ಎರಡು ಅಂತ ಎಣಿಸಿದ್ರೆ ಐವತ್ತನೇ ಕೇಸ್ ಹೊತ್ತಿಗೆ ನಿಮ್ಮ ಎಣಿಕೆ ಓಡೋಕೆ ಶುರು ಆಗಿರತ್ತೆ. ಆಮೇಲೆ ಸಾಕೆಟ್ಟೇ ಕಾದು ಹೋಗತ್ತೆ, ಇದನ್ನ ಯಾರೂ ಹೇಳಲ್ಲ, ಕಾದ ಸಾಕೆಟ್ ಅಂದ್ರೆ ಬುಡಕ್ಕೆ ಒಲೆ ಇಟ್ಟ ಹಾಗೆ. ಎರಡು ಮೂರು ಸಾಕೆಟ್ ಇಟ್ಕೊಂಡು ಬದಲಾಯಿಸ್ತಾ ಇರಿ. ಕಾದ ಕೇಸನ್ನ ಬೀಳ್ಸೋಕೆ ಲೋಹದ ಟ್ರೇ, ಪ್ಲಾಸ್ಟಿಕ್ ಬಕೆಟ್ ಆದ್ರೆ ತೂತು ಬೀಳತ್ತೆ.

ಟೆಂಪಿಲಾಕ್ ಬೇಕೇ ಬೇಕಾ?

ಮೊದಲ ಸಲ ಸಮಯ ಹೊಂದಿಸೋಕೆ ಬೇಕು. ಅದೊಂದು ಥರ ಪೇಂಟು, ನಿಗದಿ ಟೆಂಪರೇಚರ್ ಮುಟ್ಟಿದ ತಕ್ಷಣ ಕರಗತ್ತೆ. ಕುತ್ತಿಗೆ ಒಳಗಡೆಗೆ 750 ಫ್ಯಾರನ್‌ಹೀಟಿಂದು ಹಚ್ಚಿ, ಒಳಗಡೆ ಯಾಕೆ ಅಂದ್ರೆ ಹೊರಗಡೆ ಹಚ್ಚಿದ್ರೆ ಉರಿ ನೇರ ಪೇಂಟಿಗೇ ತಾಗಿ ಸುಳ್ಳು ಹೇಳತ್ತೆ. ಮೈ ಮೇಲೆ, ಶೋಲ್ಡರಿಂದ ಕಾಲಿಂಚು ಕೆಳಗಿಂದ ಬುಡದವರೆಗೆ ಉದ್ದಕ್ಕೆ ಒಂದು ಗೆರೆ, 450 ಅಥವಾ 475 ಫ್ಯಾರನ್‌ಹೀಟಿಂದು. ಕುತ್ತಿಗೆದು ಕರಗ್ಬೇಕು, ಅದು ಕನಿಷ್ಠ ಅಷ್ಟು ಕಾದಿದೆ ಅನ್ನೋದಕ್ಕೆ ಗುರುತು ಅಷ್ಟೇ, ಕೆಳಗಿನ ಗೆರೇಲಿ ಮೇಲ್ತುದಿ ಒಂಚೂರು ಕರಗಿದ್ರೆ ಪರ್ವಾಗಿಲ್ಲ, ಬುಡದ ಕಡೆದು ಇದ್ದ ಹಾಗೇ ಒಣಗಿಕೊಂಡು ಇರ್ಬೇಕು. ನಾಲ್ಕಾರು ಹಾಳು ಕೇಸ್ ಮೇಲೆ ಸಮಯ ಹಿಡ್ಕೊಂಡ್ರೆ ಆಮೇಲೆ ಎಲ್ಲದಕ್ಕೂ ಹಚ್ತಾ ಕೂರೋದು ಬೇಡ. ಹಚ್ಚಿದ ಮೇಲೆ ಪೂರ್ತಿ ಒಣಗೋಕೆ ಬಿಡಿ, ಹಸಿ ಇದ್ರೆ ರೀಡಿಂಗ್ ಸರಿ ಬರಲ್ಲ.

ಕೆಂಪಗೆ ಆಗ್ಬೇಕು ಅಂತಾರೆ, ಆಗ್ಬಾರ್ದು ಅಂತಾರೆ, ಯಾವ್ದು ಸರಿ?

ಯಾವ ಬೆಳಕಲ್ಲಿ ನೋಡ್ತಿದೀರಿ ಅನ್ನೋದರ ಮೇಲೆ ಹೋಗತ್ತೆ. ಯಾವುದೇ ವಸ್ತು ಕತ್ತಲಲ್ಲಿ ಮಸುಕು ಕೆಂಪಾಗಿ ಕಾಣೋಕೆ ಶುರು ಆಗೋದು ಸುಮಾರು 525 ಸೆಲ್ಸಿಯಸ್ಸಿಗೆ. ಗ್ಯಾರೇಜ್ ಲೈಟ್ ಆರಿಸಿ, ಕಣ್ಣು ಕತ್ತಲಿಗೆ ಹೊಂದ್ಕೊಂಡ ಮೇಲೆ, ಕುತ್ತಿಗೇಲಿ ಇದೆಯೋ ಇಲ್ವೋ ಅನ್ನೋ ಅಷ್ಟು ಕೆಂಪು ಬಂದ ಕ್ಷಣ ತೆಗೆದ್ರೆ ಹದ ಸರಿ ಇರತ್ತೆ. ಅದೇ ಕೆಂಪು ಹಗಲು ಬೆಳಕಲ್ಲಿ ಎದ್ದು ಕಾಣ್ತಿದೆ ಅಂದ್ರೆ ಜಾಸ್ತಿ ಆಯ್ತು ಅಂತಲೇ. ಇನ್ನೊಂದು ಗುರುತು ಇದೆ, ಕೇಸ್ ದಾಟಿ ಆಚೆ ಹೋಗೋ ನೀಲಿ ಉರಿ ಇದ್ದಕ್ಕಿದ್ದಂಗೆ ಕಿತ್ತಳೆ ಬಣ್ಣಕ್ಕೆ ತಿರುಗತ್ತೆ. ಆಗಲೇ ತೆಗೀರಿ. ಆದ್ರೆ ಕೇಸ್ ಮೇಲೆ ಬೆವರು ಕೈ ಗುರುತು, ಸೋಪಿನ ಕೊಳೆ ಇದ್ರೆ ಅದು ಬೇಗನೇ ಕಿತ್ತಳೆ ಆಗಿ ಮೋಸ ಮಾಡತ್ತೆ, ಅದಕ್ಕೆ ಇದೊಂದನ್ನೇ ನಂಬ್ಕೊಂಡು ಕೂರೋ ಹಂಗಿಲ್ಲ.

ತೆಗೆದ ತಕ್ಷಣ ನೀರಿಗೆ ಹಾಕ್ಬೇಕಾ?

ಬೇಕಿಲ್ಲ. ಹಾಕಿದ್ರೆ ಲೋಹಕ್ಕೆ ಲಾಭನೂ ಇಲ್ಲ ನಷ್ಟನೂ ಇಲ್ಲ, ಬಿಸಿ ಬುಡಕ್ಕೆ ಹೋಗೋದು ನಿಲ್ಲತ್ತೆ ಅಷ್ಟೇ, ಸಮಯ ಸರಿ ಇದ್ರೆ ಅದೂ ಬೇಕಾಗಲ್ಲ. ಒಣಗ್ಸೋ ಕೆಲ್ಸ ಒಂದು ಜಾಸ್ತಿ.

ಓವನ್ನು, ಮೇಣದಬತ್ತಿ, ತಟ್ಟೆಲಿ ನೀರು, ಸಾಲ್ಟ್ ಬಾತ್, ಇವೆಲ್ಲ?

ಓವನ್ ಬೇಡ್ವೇ ಬೇಡ. ಕೇಸ್ ಪೂರ್ತಿ ಒಂದೇ ಬಿಸಿಗೆ ಬರತ್ತೆ, ಅಂದ್ರೆ ಬುಡಾನೂ. ಮನೆ ಓವನ್ನಿನ ಗರಿಷ್ಠ ಬಿಸಿಯಲ್ಲಿ ಗಂಟೆಗಟ್ಟಲೆ ಇಡೋದು ಅಂದ್ರೆ ಮೇಲೆ ಹೇಳಿದ ಅಪಾಯಾನ ಕರೆದು ಕೂರಿಸಿದ ಹಾಗೆ, ಜೊತೆಗೆ ಪ್ರೈಮರಿನ ಸೀಸದ ಕೊಳೆ ನೀವು ಊಟ ಬೇಯಿಸೋ ಜಾಗದಲ್ಲಿ.

ತಟ್ಟೆಲಿ ನೀರು ಹಾಕಿ ಅರ್ಧ ಮುಳುಗೋ ಹಾಗೆ ಕೇಸ್ ನಿಲ್ಸಿ, ಮೇಲಿಂದ ಟಾರ್ಚ್ ಹಿಡಿದು, ಕಾದ ಮೇಲೆ ಬೀಳ್ಸೋದು ಅಜ್ಜನ ಕಾಲದ್ದು. ಬುಡ ಸೇಫ್, ಆದ್ರೆ ನೀರೇ ಬಿಸಿ ಎಳ್ಕೊಳ್ತಾ ಇರತ್ತೆ, ಒಂದು ಕಡೆ ಕಾಯತ್ತೆ ಇನ್ನೊಂದು ಕಡೆ ಕಾಯಲ್ಲ. ಮೇಣದಬತ್ತಿ ವಿಧಾನದಲ್ಲಿ ಬುಡಾನ ಬೆರಳಲ್ಲಿ ಹಿಡ್ಕೊಂಡು ಬಿಸಿ ತಡೆಯೋಕಾಗದೇ ಇದ್ದಾಗ ಬಿಡೋದು, ನಿಮ್ಮ ಬೆರಳೇ ಥರ್ಮಾಮೀಟರು. ಕೇಳೋಕೆ ಚೆನ್ನಾಗಿದೆ, ಕುತ್ತಿಗೆ ಬೇಕಾದಷ್ಟು ಕಾಯೋದು ಅನುಮಾನ, ಮಸಿ ಒರೆಸೋದೇ ಕೆಲ್ಸ.

ಸಾಲ್ಟ್ ಬಾತ್ ಅಂದ್ರೆ ಸೋಡಿಯಂ ನೈಟ್ರೇಟು, ಪೊಟ್ಯಾಸಿಯಂ ನೈಟ್ರೇಟು ಸೇರಿಸಿ ಕರಗಿಸಿ 500 ಸೆಲ್ಸಿಯಸ್ ಆಸುಪಾಸಲ್ಲಿ ಇಟ್ಟು ಕುತ್ತಿಗೆ ಅದರಲ್ಲಿ ಅದ್ದೋದು. ಬಿಸಿ ಎಲ್ಲಾ ಕಡೆ ಸಮ ಬರತ್ತೆ ನಿಜ. ಆದ್ರೆ ಆ ಮಡಕೆಗೆ ಒಂದು ಹನಿ ನೀರು ಬಿದ್ರೆ ಸ್ಫೋಟ ಆದ ಹಾಗೆ ಆವಿ ಆಗಿ ಕಾದ ಉಪ್ಪು ಮೈಮೇಲೆ ಚಿಮ್ಮತ್ತೆ, ತೊಳೆದು ಸರಿಯಾಗಿ ಒಣಗದ ಒಂದು ಕೇಸ್ ಸಾಕು ಅದಕ್ಕೆ. ನೈಟ್ರೇಟ್ ಉರಿಯೋಕೆ ಆಮ್ಲಜನಕ ತಾನೇ ಕೊಡತ್ತೆ, ಮರದ ಬೆಂಚ್ ಮೇಲೆ ಚೆಲ್ಲಿದ್ರೆ ಕಥೆ ಬೇರೆ. ಮಕ್ಕಳಿರೋ ಮನೆಗೆ ನಾನು ಯಾರಿಗೂ ಹೇಳಲ್ಲ.

ಮೆಷಿನ್ ತಗೊಳ್ಳೋದಾದ್ರೆ ಯಾವ್ದು?

ಕೆಲವು ನೂರು ಡಾಲರಿಗೆ ಅನೀಲೀಜ್ ಥರದ್ದು ಬರತ್ತೆ, ಚಕ್ರ ಕೇಸನ್ನ ಉರಿ ಮುಂದೆ ತಂದು ಉರುಳಿಸಿ ಸಮಯಕ್ಕೆ ಸರಿಯಾಗಿ ಬೀಳ್ಸತ್ತೆ, ಗ್ಯಾಸ್ ಅದೇ ಪ್ರೋಪೇನ್. ಜಿರಾಡ್, ಬೆಂಚ್ ಸೋರ್ಸ್ ಇವೂ ಉರಿ ಜಾತಿಯೇ, ಕಟ್ಟುಮಸ್ತು. ಉರಿ ಮೆಷಿನ್ನುಗಳ ತಾಪತ್ರಯ ಒಂದೇ, ಸಿಲಿಂಡರ್ ಖಾಲಿ ಆಗ್ತಾ ತಣ್ಣಗಾಗ್ತಾ ಉರಿ ಬದಲಾಗತ್ತೆ, ಗಾಳಿ ಬೀಸಿದ್ರೆ ಬದಲಾಗತ್ತೆ, ಮಧ್ಯೆ ಮಧ್ಯೆ ಚೆಕ್ ಮಾಡ್ಬೇಕು.

ಇಂಡಕ್ಷನ್ನಲ್ಲಿ ನ್ಯೂಜಿಲೆಂಡಿನ ಎಎಂಪಿ ಹೆಸರುವಾಸಿ. ಅದರ ಆಜ್‌ಟೆಕ್ ಮೋಡಲ್ಲಿ ನಿಮ್ಮ ಲಾಟಿಂದ ಒಂದು ಕೇಸ್ ಬಲಿ ಕೊಟ್ರೆ ಅಳೆದು ಕೋಡ್ ಹೇಳತ್ತೆ, ಆಮೇಲೆ ಒಂದೊಂದಾಗಿ ಹಾಕ್ತಾ ಹೋಗೋದು. ಬೆಲೆ ಸಾವಿರ ಡಾಲರ್ ಮೇಲೆ. ಸಾವಿರ ಯಾರ್ಡ್ ಮ್ಯಾಚ್ ಆಡೋರಿಗೆ ಸರಿ, ವರ್ಷಕ್ಕೆ ಎರಡು ಸಲ ಜಿಂಕೆ ಬೇಟೆಗೆ ಹೋಗೋರಿಗೆ ಆ ದುಡ್ಡಲ್ಲಿ ಒಳ್ಳೇ ಸ್ಕೋಪೇ ಬರತ್ತೆ. ನನ್ನ ಪ್ರಕಾರ ಯಾವ ಮೆಷಿನ್ ಅನ್ನೋದಕ್ಕಿಂತ ಮೊದಲ್ನೇ ಕೇಸಿಗೂ ನೂರನೇ ಕೇಸಿಗೂ ಒಂದೇ ಹದ ಬಂತಾ ಅನ್ನೋದೇ ಮುಖ್ಯ, ಡ್ರಿಲ್ಲು ಟಾರ್ಚಲ್ಲಿ ಅದನ್ನ ಸಾಧಿಸೋ ತಾಳ್ಮೆ ಇರೋರಿಗೆ ಮೆಷಿನ್ ಹಂಗಿಲ್ಲ.

ಎಷ್ಟು ಸಲ ಹೊಡೆದ ಮೇಲೆ ಮಾಡ್ಬೇಕು? ಯಾವ ಹಂತದಲ್ಲಿ?

ಮ್ಯಾಚ್ ಆಡೋರು ಪ್ರತಿ ಸಲ ಮಾಡ್ತಾರೆ. ಮಿಕ್ಕವರಿಗೆ ಮೂರು ನಾಲ್ಕು ಸಲಕ್ಕೊಮ್ಮೆ ಸಾಕು, ಆದ್ರೆ ಇಡೀ ಲಾಟ್ ಒಟ್ಟಿಗೆ ಮಾಡಿ, ಡಬ್ಬ ಬೇರೆ ಇಡಿ, ಮೇಲೆ ಮಾರ್ಕರಲ್ಲಿ ಎಷ್ಟು ಸಲ ಹೊಡೆದಿದೆ ಬರ್ದಿಡಿ. ಮಾಡಿದ್ದೂ ಮಾಡ್ದೇ ಇರೋದೂ ಬೆರೆಸಿದ್ರೆ ಮೊದಲಿಗಿಂತ ಕೆಟ್ಟ ಗ್ರೂಪ್ (ಟಾರ್ಗೆಟ್ ಮೇಲೆ ಗುಂಡು ಬಿದ್ದ ತೂತುಗಳ ಗುಂಪು) ಬರತ್ತೆ.

ಹೊಡೆದ ಪ್ರೈಮರ್ ತೆಗೆದು, ತೊಳೆದು ಒಣಗ್ಸಿ, ಅನೀಲ್ ಮಾಡಿ, ಆಮೇಲೆ ಸೈಜ್ ಮಾಡಿ, ಟ್ರಿಮ್ ಮಾಡಿ (ಹೆಚ್ಚಾದ ಉದ್ದ ಕತ್ತರಿಸಿ). ಸೈಜ್ ಮಾಡಿದ ಮೇಲೆ ಅನೀಲ್ ಮಾಡಿದ್ರೆ ಮೆದು ಮಾಡಿದ್ದರ ಮುಖ್ಯ ಲಾಭ, ಅಂದ್ರೆ ಡೈ ಹೇಳಿದ ಮಾತು ಕೇಸ್ ಕೇಳೋದು, ಅದೇ ಹೋಯ್ತು. ಮತ್ತೆ ಇದನ್ನ ಹೇಳೋದೇ ಬೇಡ ಅನ್ಸತ್ತೆ ಆದ್ರೂ ಹೇಳ್ತೀನಿ, ಹೊಡೀದೇ ಇರೋ ಪ್ರೈಮರ್ ಇರೋ ಕೇಸು, ತುಂಬಿದ ರೌಂಡು ಉರಿ ಹತ್ರಕ್ಕೂ ಬರ್ಬಾರ್ದು, ಪೌಡರ್ ಡಬ್ಬ ಆ ರೂಮಲ್ಲೇ ಇರೋದು ಬೇಡ. ಟ್ರೇಲಿರೋ ಒಂದೊಂದು ಕೇಸಿನ ಪಾಕೆಟ್ಟನ್ನೂ ಕಣ್ಣಾರೆ ನೋಡಿ ಆಮೇಲೆ ಟಾರ್ಚ್ ಹಚ್ಚಿ.

ಅನೀಲ್ ಮಾಡ್ತಾ ಇದ್ರೆ ಕೇಸ್ ಎಂದೆಂದಿಗೂ ಬಾಳಿಕೆ ಬರತ್ತಾ?

ಕುತ್ತಿಗೆ ಬರತ್ತೆ, ಮಿಕ್ಕಿದ್ದು ಬರ್ಬೇಕಲ್ಲ. ಹೊಡೀತಾ ಹೊಡೀತಾ ಪ್ರೈಮರ್ ಪಾಕೆಟ್ ಸಡಿಲ ಆಗೋದಕ್ಕೂ ಸರಿಯಾಗಿ ಮಾಡಿದ ಅನೀಲಿಂಗಿಗೂ ಸಂಬಂಧ ಇಲ್ಲ. ಬುಡದಿಂದ ಒಂಚೂರು ಮೇಲೆ ಗೋಡೆ ತೆಳ್ಳಗಾಗ್ತಾ ಬಂದು ಒಂದಿನ ಕೇಸ್ ಎರಡು ತುಂಡಾಗೋದಿದೆಯಲ್ಲ, ಅದಕ್ಕೂ ಇಲ್ಲ, ಅದು ಶೋಲ್ಡರನ್ನ ಜಾಸ್ತಿ ಹಿಂದಕ್ಕೆ ತಳ್ಳೋದ್ರ ಫಲ. ಪೇಪರ್ ಕ್ಲಿಪ್ಪನ್ನ ಬಿಚ್ಚಿ ತುದಿ ಸಣ್ಣಗೆ ಕೊಕ್ಕೆ ಮಾಡಿ, ಕೇಸಿನ ಒಳಗೆ ಬುಡದವರೆಗೆ ಬಿಟ್ಟು ಗೋಡೆಗೆ ಒತ್ತಿ ಮೇಲಕ್ಕೆ ಎಳೀರಿ, ತುದಿ ಒಂದು ಚರಂಡಿ ಥರದ ಜಾಗಕ್ಕೆ ಸಿಕ್ಕಿದ ಹಾಗಾದ್ರೆ ಆ ಕೇಸಿನ ಆಯಸ್ಸು ಮುಗೀತು, ಕುತ್ತಿಗೆ ಎಷ್ಟೇ ಚೆನ್ನಾಗಿರ್ಲಿ.

ಜಾಸ್ತಿ ಕಾದಿದೆ ಅಂತ ಮನೇಲೇ ಹೆಂಗೆ ಗೊತ್ತು ಮಾಡ್ಕೊಳ್ಳೋದು?

ಹಾಳು ಮಾಡೋಕೆ ಅಂತಲೇ ಒಂದು ಕೇಸ್ ತಗೊಂಡು ಕುತ್ತಿಗೇನ ಪ್ಲೈಯರಲ್ಲಿ ಸ್ವಲ್ಪವೇ ಒತ್ತಿ ಬಿಡಿ. ಒಂಚೂರು ಒತ್ತಿ ಬಿಟ್ಟಾಗ ವಾಪಸ್ ಬರ್ಬೇಕು. ಒತ್ತಿದ ಹಾಗೇ ಜೋತು ಬಿದ್ರೆ ತೀರಾ ಮೆದು ಆಗಿದೆ. ಅಂಥ ಕುತ್ತಿಗೆ ಬುಲೆಟನ್ನ ಹಿಡಿಯೋದೇ ಇಲ್ಲ. ಕುತ್ತಿಗೆ ಮಾತ್ರ ಮೆದುವಾಗಿ ಬುಡ ತಣ್ಣಗೇ ಇತ್ತು ಅನ್ನೋದು ಖಾತ್ರಿ ಇದ್ರೆ ಕೆಲವು ಸಲ ಹೊಡೆದು ಸೈಜ್ ಮಾಡ್ತಾ ಬಂದ್ರೆ ಮತ್ತೆ ಗಟ್ಟಿ ಆಗತ್ತೆ ಅಂತಾರೆ, ನಿಜ ಕೂಡ. ಆದ್ರೆ ಕೇಸಿನ ಅರ್ಧ ಮೈವರೆಗೆ ಬಣ್ಣ ಇಳಿದಿದ್ರೆ ತರ್ಕ ಮಾಡ್ತಾ ಕೂರ್ಬೇಡಿ, ಸ್ಕ್ರ್ಯಾಪು.

ಹೊಸಾ ಲಪುವಾ ಬ್ರಾಸ್ ತರ್ಸಿದೆ, ಕುತ್ತಿಗೇಲಿ ನೀಲಿ ಕಂದು ಕಲೆ ಇದೆ, ಹಳೇದು ಕೊಟ್ರಾ?

ಇಲ್ಲ, ಅದು ಫ್ಯಾಕ್ಟರೀಲೇ ಅನೀಲ್ ಮಾಡಿದ ಗುರುತು. ಲಪುವಾ ಫಿನ್ಲೆಂಡಿನ ಕಂಪನಿ, ಅವರು ಅದನ್ನ ಹಂಗೇ ಬಿಡ್ತಾರೆ, ಅಮೆರಿಕದ ಮಿಲಿಟರಿ ಬ್ರಾಸಲ್ಲೂ ಇರತ್ತೆ. ಅಂಗಡೀಲಿ ಸಿಗೋ ಎಷ್ಟೋ ಬ್ರಾಂಡುಗಳು ಅಷ್ಟೇ ಅನೀಲ್ ಮಾಡಿ ಆಮೇಲೆ ಪಾಲಿಶ್ ಹೊಡೀತಾರೆ, ಹೊಳೀಲಿ ಅಂತ. ನೀವು ಮನೇಲಿ ಮಾಡಿದಾಗಲೂ ಆ ಬಣ್ಣ ಬರತ್ತೆ, ಆದ್ರೆ ಬಣ್ಣ ಬಂತು ಅಂದ್ರೆ ಹದ ಬಂತು ಅಂತ ಅಲ್ಲ, ಮೇಲ್ಮೈ ಸ್ವಚ್ಛ ಇದೆಯಾ, ಬೆಳಕು ಹೆಂಗಿದೆ ಅನ್ನೋದರ ಮೇಲೆ ಬಣ್ಣ ಬೇರೆ ಬೇರೆ ಕಾಣತ್ತೆ.

ರೇಂಜಲ್ಲಿ ಬಿದ್ದಿದ್ದು ಆಯ್ಕೊಂಡು ಬಂದೆ, ಎಲ್ಲಾ ಒಟ್ಟಿಗೆ ಮಾಡ್ಲಾ?

ಹೆಡ್‌ಸ್ಟ್ಯಾಂಪ್ (ಬುಡದ ಮೇಲಿನ ಕಂಪನಿ ಗುರುತು) ನೋಡಿ ಬೇರೆ ಮಾಡಿ. ಒಂದೊಂದು ಕಂಪನಿ ಕುತ್ತಿಗೆ ದಪ್ಪ ಒಂದೊಂದು ಥರ, ಒಂದಕ್ಕೆ ಸರಿ ಇರೋ ಸಮಯ ಇನ್ನೊಂದಕ್ಕೆ ಜಾಸ್ತಿ. ಅಯಸ್ಕಾಂತಕ್ಕೆ ಅಂಟಿದ್ರೆ ಸ್ಟೀಲ್, ಆಚೆ ಹಾಕಿ. ಬೆಳ್ಳಿ ಬಣ್ಣದ ನಿಕ್ಕಲ್ ಲೇಪನದ್ದೂ ಬಿಡಿ, ಲೇಪನ ಚಕ್ಕೆ ಏಳತ್ತೆ.

ಅನೀಲ್ ಮಾಡಿದ ಮೇಲೆ ಬುಲೆಟ್ ಕೂರ್ಸುವಾಗ ಕೀಚ್ ಅಂತ ಒರಟಾಗಿ ಹೋಗತ್ತೆ, ಯಾಕೆ?

ಒಳಗಡೆ ಇದ್ದ ಮಸಿ ಪದರ ಒಂಥರಾ ಲೂಬ್ರಿಕೆಂಟ್ ಆಗಿತ್ತು, ತೊಳೆದು ಕಾಯಿಸಿದ್ದಕ್ಕೆ ಅದು ಹೋಯ್ತು. ಕುತ್ತಿಗೆ ಒಳಗೆ ಒಂಚೂರು ಒಣ ಗ್ರಾಫೈಟ್ ಸವರಿ, ಸಾಕು.

ಬ್ರಾಸ್ ಹೊಳೀಲಿ ಅಂತ ದೇವರ ಸಾಮಾನಿಗೆ ಹಾಕೋ ಪಾಲಿಶ್ ಹಾಕ್ಬಹುದಾ?

ಅಮೋನಿಯಾ ಇರೋ ಯಾವ ಪಾಲಿಶ್ಶೂ ಬೇಡ. ಇದಕ್ಕೆ ಇಂಡಿಯಾದ್ದೇ ಒಂದು ಹಳೇ ಕಥೆ ಇದೆ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ಕಾರ್ಯಾಚರಣೆ ಕಮ್ಮಿ ಇರತ್ತೆ ಅಂತ ತೋಟಾನೆಲ್ಲ ಕುದುರೆ ಲಾಯದಲ್ಲಿ ಇಡ್ತಿದ್ರು, ಮಳೆ ನಿಂತು ತೆಗೆದು ನೋಡಿದ್ರೆ ಹೊಡೀದೇ ಇದ್ದ ಹಿತ್ತಾಳೆ ಕೇಸುಗಳು ಬಿರುಕು ಬಿಟ್ಟಿರ್ತಿದ್ವು, ಅದೂ ಜಾಸ್ತಿ ಬುಲೆಟ್ಟಿಗೆ ಕ್ರಿಂಪ್ ಮಾಡಿದ (ಹಿಸುಕಿ ಬಿಗಿ ಮಾಡಿದ) ಕಡೆ. ಮಳೆಗಾಲಕ್ಕೆ ಆಗತ್ತೆ ಅಂತ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರು: ಕುದುರೆ ಉಚ್ಚೆಯಿಂದ ಬರೋ ಅಮೋನಿಯಾ, ಜೊತೆಗೆ ತಣ್ಣಗೆ ಎಳೆದು ಒತ್ತಿ ಮಾಡಿದ ಹಿತ್ತಾಳೆ ಒಳಗೆ ಉಳ್ಕೊಂಡ ಬಿಗುವು. ಎರಡೂ ಸೇರಿದ್ರೆ ಬಿರುಕು. ಅನೀಲಿಂಗ್ ಆ ಬಿಗುವನ್ನೇ ಇಳಿಸೋದು, ತುಂಬಿಟ್ಟ ರೌಂಡು ವರ್ಷಗಟ್ಟಲೆ ಕುತ್ತಿಗೆ ಸೀಳದೇ ಇರೋಕೆ ಅದೂ ಒಂದು ಕಾರಣ. ಬೆಕ್ಕಿನ ಲಿಟರ್ ಬಾಕ್ಸ್ ಪಕ್ಕ ಆಮೋ ಇಡೋರು ಇದನ್ನ ಯೋಚ್ನೆ ಮಾಡಿ.

ಹೊಗೆ, ಸೀಸ, ಮಕ್ಕಳು?

ಗ್ಯಾರೇಜ್ ಬಾಗಿಲು ತೆಗೆದಿಡಿ. ಹಳೇ ಪ್ರೈಮರಿನ ಕೊಳೇಲಿ ಸೀಸ ಇರತ್ತೆ, ತೊಳೀದೇ ಇರೋ ಕೇಸ್ ಮುಟ್ಟಿದ ಕೈಯಲ್ಲಿ ಚಕ್ಲಿ ತಿನ್ನೋದು, ಮಗು ಎತ್ಕೊಳ್ಳೋದು ಬೇಡ, ಸೋಪು ಹಾಕಿ ತೊಳ್ಕೊಳ್ಳಿ. ಕನ್ನಡಕ ಹಾಕ್ಕೊಳ್ಳಿ, ಕಾಟನ್ ಬಟ್ಟೆ ಹಾಕ್ಕೊಳ್ಳಿ, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಶರ್ ಇರ್ಲಿ. ಕಾದ ಹಿತ್ತಾಳೆ ನೋಡೋಕೆ ತಣ್ಣಗಿರೋ ಹಿತ್ತಾಳೆ ಥರಾನೇ ಇರತ್ತೆ, ಮಕ್ಕಳಿಗೆ ಟ್ರೇ ಕೈಗೆ ಸಿಗೋ ಹಾಗಿರ್ಬಾರ್ದು.

ನಿಜ ಹೇಳಿ, ಗ್ರೂಪ್ ಸಣ್ಣದಾಗತ್ತಾ?

ನೂರು ಯಾರ್ಡಲ್ಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಸಿಗತ್ತೆ ಅಂತ ನಾನು ಹೇಳಲ್ಲ. ಆರು ನೂರು, ಸಾವಿರ ಯಾರ್ಡಿಗೆ ಹೋದಾಗ ವೆಲಾಸಿಟಿ ಏರುಪೇರು ಮೇಲೆ ಕೆಳಗೆ ಹರಡ್ಕೊಂಡು ಕಾಣತ್ತಲ್ಲ, ಕುತ್ತಿಗೆ ಹಿಡಿತ ಸಮ ಆದ್ರೆ ಅಲ್ಲಿ ಉಪಯೋಗ. ಮಿಕ್ಕವರಿಗೆ ಲಾಭ ಬ್ರಾಸ್ ಬಾಳಿಕೆ, ಮತ್ತೆ ಸೈಜಿಂಗ್ ಡೈ ಜೊತೆ ಜಗಳ ಕಮ್ಮಿ ಆಗೋದು. .223 ಕತ್ತರಿಸಿ .300 ಬ್ಲ್ಯಾಕ್‌ಔಟ್ ಮಾಡೋದು, .30-06 ಇಂದ .25-06 ಮಾಡೋದು, ಇಂಥ ಕೆಲ್ಸಕ್ಕೆ ಕೈ ಹಾಕೋರಿಗೆ ಮಾತ್ರ ಅನೀಲ್ ಮಾಡ್ದೇ ಇದ್ರೆ ಕೇಸ್ ತುಂಬಾ ಹಾಳಾಗ್ತವೆ.

ಪಿಸ್ತೂಲ್ ಬ್ರಾಸಿಗೂ ಮಾಡ್ಬೇಕಾ?

9 ಎಂಎಂಗೆ ಬೇಡ, ಮಾಡೋಕೂ ಹೋಗ್ಬೇಡಿ. ಕೇಸೇ ಗಿಡ್ಡ, ಬಾಯಿ ಕಾಯಿಸಿದ್ರೆ ಬುಡಕ್ಕೆ ಬಿಸಿ ಹೋಗೋಕೆ ದೂರವೇ ಇಲ್ಲ. ಬಾಯಿ ಸೀಳೋ ಹೊತ್ತಿಗೆ ಹೆಂಗೂ ಅರ್ಧ ಬ್ರಾಸ್ ಹುಲ್ಲಲ್ಲಿ ಕಳ್ದೋಗಿರತ್ತೆ.